ಸಕಲೇಶಪುರದ ಮಳೆಯಲ್ಲಿ ಪಾಯಿಂಟ್ 22ರ ಎರಡು ಪಿಸ್ತೂಲುಗಳು: ಏಳು ವರ್ಷ ಬಳಸಿದ ಮೇಲೆ

ಪಿಸ್ತೂಲು ಮನೆಗೆ ಬಂದ ವಾರ ನಮ್ಮ ತೋಟದ ರಂಗಣ್ಣ ಕೇಳಿದ ಮೊದಲ ಪ್ರಶ್ನೆ, "ಗೌಡ್ರೆ, ಇದು ಆನೆಗೆ ಆಯ್ತದಾ?" ನಮ್ಮ ಕಡೆ ಕೋವಿ ಅಂದರೆ ಹಂದಿ, ಆನೆ, ಬೆಳೆ. ಬೇರೆ ಕೆಲಸ ಅದಕ್ಕೆ ಇದೆ ಅಂತ ಯಾರೂ ಅಂದುಕೊಂಡಿಲ್ಲ. ಒಂದು ತೋಟೆ ತೆಗೆದು ಅವನ ಅಂಗೈಗೆ ಹಾಕಿದೆ. ಅದರ ತುದಿಯ ಸೀಸದ ತೂಕ ಎರಡೂವರೆ ಗ್ರಾಂ ಚಿಲ್ಲರೆ. ಕಾಗದಕ್ಕೆ ತೂತು ಹೊಡೆಯೋಕೆ ಕಣೋ ಅಂದೆ. "ಇಷ್ಟು ದುಡ್ಡು ಕೊಟ್ಟು ಕಾಗದಕ್ಕೆ ತೂತಾ?" ಅಂತ ತೋಟೆ ವಾಪಸ್ ಕೊಟ್ಟು ಮರಗಸಿಗೆ, ಅಂದರೆ ನೆರಳಿನ ಮರದ ಕೊಂಬೆ ಕಡಿಯೋಕೆ, ಹೊರಟ.

ನನ್ನದು ಹಾನುಬಾಳು ಕಡೆ ಸಣ್ಣ ಕಾಫಿ ತೋಟ. ಮನೆಯಲ್ಲಿ ಅಪ್ಪನ ಹೆಸರಿನ ಎರಡು ನಳಿಗೆಯ ಕೋವಿ ಮೊದಲಿನಿಂದ ಇದೆ. ಪಾಯಿಂಟ್ 22, ಅಂದರೆ 0.22 ಇಂಚಿನ ಸಣ್ಣ ನಳಿಗೆಯ ಪಿಸ್ತೂಲಿನ ಹುಚ್ಚು ಹತ್ತಿದ್ದು ಬೆಂಗಳೂರಿನ ಶೂಟಿಂಗ್ ರೇಂಜಿನಲ್ಲಿ, ವಯಸ್ಸು ನಲವತ್ತರ ಹತ್ತಿರ ಬಂದಾಗ. 2018ರಲ್ಲಿ ನಿವೃತ್ತರಾದ ಹಿರಿಯ ಶೂಟರ್ ಒಬ್ಬರಿಂದ ಜರ್ಮನಿಯ ವಾಲ್ಥರ್ ಕಂಪನಿಯ ಹಳೇ ಜಿಎಸ್‌ಪಿ ಪಿಸ್ತೂಲು ಕೊಂಡು ನನ್ನ ಲೈಸೆನ್ಸ್‌ಗೆ ಏರಿಸಿಕೊಂಡೆ. 2021ರಲ್ಲಿ ಪಾರ್ಡಿನಿ ಎಸ್‌ಪಿ ಬಂತು. ಎರಡನ್ನೂ ಈಗಲೂ ಬಳಸುತ್ತೇನೆ. ನಾನೇನು ದೊಡ್ಡ ಶೂಟರ್ ಅಲ್ಲ. 25 ಮೀಟರ್ ಸ್ಟ್ಯಾಂಡರ್ಡ್ ಪಿಸ್ತೂಲ್ ಸ್ಪರ್ಧೆಯಲ್ಲಿ 600ಕ್ಕೆ 540 ದಾಟಿಲ್ಲ. ಆದರೆ ಮಲೆನಾಡಿನ ಮಳೆಯಲ್ಲಿ ಎರಡು ಪಿಸ್ತೂಲು ಸಾಕಿದ ಅನುಭವ ಇದೆ. ಹೊಸದಾಗಿ ಕೊಳ್ಳುವವರಿಗೆ ಅದೇ ಜಾಸ್ತಿ ಉಪಯೋಗಕ್ಕೆ ಬರಬಹುದು.

ಜಿಎಸ್‌ಪಿ 1968ರಲ್ಲಿ ಬಂದ ವಿನ್ಯಾಸ. ನೋಡೋಕೆ ಚಂದ ಇಲ್ಲ, ಕಬ್ಬಿಣದ ಡಬ್ಬಕ್ಕೆ ಮರದ ಹಿಡಿ ಜೋಡಿಸಿದ ಹಾಗಿದೆ. ತೋಟೆ ತುಂಬುವ ಮ್ಯಾಗಜಿನ್ ಹಿಡಿಯ ಒಳಗಲ್ಲ, ಟ್ರಿಗರ್‌ನ ಮುಂದೆ. ಐದು ತೋಟೆ. ಮ್ಯಾಗಜಿನ್ ಅಲ್ಲಿರುವುದರಿಂದ ಹಿಡಿಯನ್ನು ಕೈಗೆ ಬೇಕಾದಂತೆ ಕೆತ್ತಿಕೊಳ್ಳಬಹುದು, ಭಾರವೂ ಮುಂದಕ್ಕೆ ಬೀಳುತ್ತದೆ. ಇದರಲ್ಲಿ ನನಗೆ ತುಂಬಾ ಇಷ್ಟವಾದದ್ದು ಟ್ರಿಗರ್ ಜೋಡಣೆ. ಇಡೀ ಯಂತ್ರ ಒಂದೇ ಗಂಟಾಗಿ ಕೈಗೆ ಬರುತ್ತದೆ. ಬ್ರಷ್ ಹಾಕಿ, ಒರೆಸಿ, ವಾಪಸ್ ಕೂರಿಸಿದರೆ ಮುಗಿಯಿತು. ಒಂದು ಸ್ಪ್ರಿಂಗ್ ಕೂಡ ಹಾರಿಹೋಗಲ್ಲ. ಕಾಫಿ ಪಲ್ಪರ್ ಬಿಚ್ಚಿ ಜೋಡಿಸುವ ಯಾರಿಗಾದರೂ ಇದು ಸುಲಭ.

ಪಾರ್ಡಿನಿ ಇಟಲಿಯದು. ಮ್ಯಾಗಜಿನ್ ಇದರಲ್ಲೂ ಮುಂದೆಯೇ, ಐದೇ ತೋಟೆ. ಕೈಗೆ ತೆಗೆದುಕೊಂಡ ಕೂಡಲೇ ವ್ಯತ್ಯಾಸ ಗೊತ್ತಾಗುತ್ತದೆ. ಒಳಗೆ ಸಣ್ಣ ತೂಕಗಳನ್ನು ಸೇರಿಸಿ, ತೆಗೆದು ಮೂತಿಯ ಭಾರ ಹೊಂದಿಸಿಕೊಳ್ಳಬಹುದು. ಹಾರಿಸಿದಾಗ ಮೇಲಕ್ಕೆ ನೆಗೆಯುವುದಕ್ಕಿಂತ ನೇರ ಹಿಂದಕ್ಕೆ ತಳ್ಳಿದ ಹಾಗಾಗುತ್ತದೆ. ಹಾರಿಸಿದಾಗ ಹಿಂದಕ್ಕೆ ಜಾರುವ ಬೋಲ್ಟಿನ ಹೊಡೆತ ತಡೆಯಲು ಒಳಗೊಂದು ಬಫರ್ ಇದೆ. ಅದು ಸವೆಯುವ ವಸ್ತು, ಸೈಕಲ್ಲಿನ ಬ್ರೇಕ್ ಕಟ್ಟೆಯ ಹಾಗೆ. ಒಂದೆರಡು ಸ್ಪೇರ್ ಪೆಟ್ಟಿಗೆಯಲ್ಲಿ ಇರಲೇಬೇಕು. ಬಿಚ್ಚೋಕೆ ಆಲನ್ ಕೀ ಬೇಕು. ಕೀ ಮರೆತು ರೇಂಜಿಗೆ ಹೋದ ದಿನ ನಾನು ಮಾಡಿದ್ದು ಸುಮ್ನೆ ಕಾಫಿ ಕುಡಿದದ್ದು.

ಹಾಗಾದರೆ ಯಾವುದು ಒಳ್ಳೆಯದು? ಸ್ಟ್ಯಾಂಡರ್ಡ್ ಪಿಸ್ತೂಲಿನಲ್ಲಿ ಐದೈದು ಗುಂಡಿನ ಸರಣಿ. ಮೊದಲ ನಾಲ್ಕು ಸರಣಿಗೆ ತಲಾ 150 ಸೆಕೆಂಡು, ಆಮೇಲಿನ ನಾಲ್ಕಕ್ಕೆ 20, ಕೊನೆಯ ನಾಲ್ಕಕ್ಕೆ 10. 150ರಲ್ಲಿ ಎರಡೂ ಒಂದೇ. ಅಲ್ಲಿ ತಪ್ಪು ಹೋದರೆ ಅದು ನನ್ನ ಬೆರಳಿನದು. 25 ಮೀಟರಿನಲ್ಲಿ ಹತ್ತು ಅಂಕದ ವೃತ್ತ 50 ಮಿಲಿಮೀಟರ್ ಅಗಲ. ಈ ಎರಡು ಪಿಸ್ತೂಲೂ ಅದಕ್ಕಿಂತ ಎಷ್ಟೋ ಚಿಕ್ಕ ಜಾಗದಲ್ಲಿ ಗುಂಡು ಕೂರಿಸುತ್ತವೆ. 10 ಸೆಕೆಂಡಿಗೆ ಬಂದಾಗ ಪಾರ್ಡಿನಿ ಮುಂದೆ ಹೋಗುತ್ತದೆ. ಗುರಿ ಹಿಡಿಯುವ ಮುಂದಿನ ಕಡ್ಡಿ ತಾನಾಗಿ ಹಿಂದಿನ ಗುರಿಪಟ್ಟಿಯ ಸಂದಿಗೆ ಬಂದು ಕೂರುತ್ತದೆ, ಹುಡುಕಬೇಕಿಲ್ಲ. ನನ್ನ ಲೆಕ್ಕದ ಪುಸ್ತಕದಲ್ಲಿ ವ್ಯತ್ಯಾಸ ಕಾಣುವುದು ಆ ಕೊನೆಯ ನಾಲ್ಕು ಸರಣಿಗಳಲ್ಲಿ ಮಾತ್ರ. ಅದಕ್ಕಾಗಿ ಅಷ್ಟು ದುಡ್ಡು ಕೊಡಬೇಕಿತ್ತಾ ಅಂದರೆ, ಹೆಂಡತಿ ಪಕ್ಕದಲ್ಲಿ ಇಲ್ಲದಾಗ ಹೌದು ಅನ್ನುತ್ತೇನೆ.

ರೇಂಜಿನಲ್ಲಿ ಸ್ನೇಹಿತರೊಬ್ಬರದು ಹೆಮ್ಮರ್ಲಿ 208 ಎಸ್ ಇದೆ. ಸ್ವಿಸ್ ಕೆಲಸ. ಮ್ಯಾಗಜಿನ್ ಹಿಡಿಯೊಳಗೇ, ಎಂಟು ತೋಟೆ. ಆ ಟ್ರಿಗರ್ ಒಮ್ಮೆ ಎಳೆದವರಿಗೆ ಬೇರೆ ಯಾವುದೂ ರುಚಿಸಲ್ಲ. ಮಾರ್ತೀರಾ ಅಂತ ನಾಲ್ಕು ಸಲ ಕೇಳಿದ್ದೇನೆ, ನಗುತ್ತಾರೆ.

ಈಗ ಸಾಕುವ ವಿಷಯ. ನಾನು ಪೆಟ್ಟು ತಿಂದದ್ದೆಲ್ಲ ಇಲ್ಲೇ.

2019ರಲ್ಲಿ ಜಿಎಸ್‌ಪಿ ಇದ್ದಕ್ಕಿದ್ದ ಹಾಗೆ ಕೈ ಕೊಡಲು ಶುರು ಮಾಡಿತು. ಐದರಲ್ಲಿ ಒಂದು ತೋಟೆ ಹಾರುತ್ತಿರಲಿಲ್ಲ. ಟಕ್ ಅನ್ನುತ್ತದೆ, ಅಷ್ಟೇ. ಮೂತಿ ಗುರಿಯ ಕಡೆಗೇ ಹಿಡಿದು ಅರ್ಧ ನಿಮಿಷ ಕಾಯ್ದು, ಅದೇ ತೋಟೆಗೆ ಮತ್ತೊಮ್ಮೆ ಹೊಡೆದರೆ ಹಾರುತ್ತಿತ್ತು. ಹಳೇ ಸ್ಪ್ರಿಂಗ್ ಅಂದುಕೊಂಡೆ. ತೋಟೆಗೆ ಬಡಿಯುವ ಫೈರಿಂಗ್ ಪಿನ್ ಸವೆದಿದೆ ಅಂತ ಒಬ್ಬರು ಹೇಳಿದರು. ತೋಟೆ ಕೆಟ್ಟದ್ದು ಅಂತ ಇನ್ನೊಬ್ಬರು. ಸ್ಪ್ರಿಂಗ್ ತರಿಸಿ ಹಾಕಿದೆ, ಏನೂ ಬದಲಾಗಲಿಲ್ಲ. ಕೊನೆಗೆ ರೇಂಜಿನ ಹಿರಿಯರೊಬ್ಬರು, "ಚೇಂಬರ್ ಯಾವಾಗ ತೊಳೆದೆ?" ಅಂದರು. ನಳಿಗೆಗೆ ಬ್ರಷ್ ಹಾಕ್ತೀನಿ ಸರ್ ಅಂದೆ. "ನಳಿಗೆ ಕೇಳಲಿಲ್ಲಪ್ಪ, ಚೇಂಬರ್ ಕೇಳಿದೆ."

ಚೇಂಬರ್ ಅಂದರೆ ನಳಿಗೆಯ ಹಿಂಬದಿಯಲ್ಲಿ ತೋಟೆ ಕೂರುವ ಗೂಡು. ಟಾರ್ಚ್ ಹಿಡಿದು ತೋರಿಸಿದರು. ತೋಟೆಯ ಹಿತ್ತಾಳೆ ಮುಗಿದು ಸೀಸ ಶುರುವಾಗುವ ಜಾಗದಲ್ಲಿ ಕಪ್ಪು ಬಳೆಯ ಹಾಗೆ ಒಂದು ಸುತ್ತು. ಪಾಯಿಂಟ್ 22ರ ಸೀಸದ ಮೇಲೆ ಮೇಣ ಸವರಿರುತ್ತದೆ. ಆ ಮೇಣ, ಮಸಿ, ಸೀಸದ ಪುಡಿ ಮೂರೂ ಸೇರಿ ಅಲ್ಲಿ ಗಟ್ಟಿಯಾಗುತ್ತವೆ. ತೋಟೆ ಕೂದಲೆಳೆಯಷ್ಟು ಹೊರಗೇ ನಿಲ್ಲುತ್ತದೆ. ಪಾಯಿಂಟ್ 22ರಂಥ ರಿಮ್‌ಫೈರ್ ತೋಟೆಯಲ್ಲಿ ಸಿಡಿಮದ್ದು ಇರುವುದು ತಳದ ಅಂಚಿನೊಳಗೆ. ಪಿನ್ ಆ ಅಂಚನ್ನು ಚೇಂಬರಿನ ಬಾಯಿಗೆ ಒತ್ತಿ ಜಜ್ಜಬೇಕು. ತೋಟೆ ಪೂರ್ತಿ ಕೂತಿಲ್ಲ ಅಂದರೆ ಮೊದಲ ಹೊಡೆತದ ಬಲವೆಲ್ಲ ಅದನ್ನು ಒಳಗೆ ತಳ್ಳುವುದಕ್ಕೇ ಹೋಗುತ್ತದೆ. ಎರಡನೇ ಹೊಡೆತಕ್ಕೆ ಹಾರುತ್ತಿದ್ದದ್ದು ಅದಕ್ಕೇ. ಹಿತ್ತಾಳೆ ಬ್ರಷ್, ನಾಲ್ಕು ಹನಿ ಸಾಲ್ವೆಂಟ್, ಹತ್ತು ನಿಮಿಷ. ಹೊಸ ಸ್ಪ್ರಿಂಗ್ ಇವತ್ತೂ ಒಳಗೇ ಇದೆ, ಸುಮ್ನೆ.

ಅವರು ಹೇಳಿಕೊಟ್ಟ ಇನ್ನೊಂದು ಉಪಾಯ: ಹಾರದ ತೋಟೆಯನ್ನು ಸ್ವಲ್ಪ ತಿರುಗಿಸಿ ಮತ್ತೆ ಹಾಕಿದಾಗ ಮಾತ್ರ ಹಾರಿದರೆ ತಪ್ಪು ಹೆಚ್ಚಾಗಿ ತೋಟೆಯದು, ಅಂಚಿನ ಆ ಭಾಗಕ್ಕೆ ಮದ್ದು ಸರಿಯಾಗಿ ಹರಡಿಲ್ಲ. ತಿರುಗಿಸದೆ ಅದೇ ಜಾಗದಲ್ಲಿ ಹಾರಿದರೆ ಮೊದಲು ಚೇಂಬರ್ ನೋಡಬೇಕು.

ಈಗ ನನ್ನ ಕ್ರಮ ಹೀಗಿದೆ. ಮ್ಯಾಗಜಿನ್ ಹೊರಗೆ, ಬೋಲ್ಟ್ ತೆರೆದು ಚೇಂಬರ್ ಖಾಲಿ ಇದೆಯಾ ಅಂತ ಕಣ್ಣಿಂದ ನೋಡಿ, ಕಿರುಬೆರಳಿಂದ ಮುಟ್ಟಿ. ಆಮೇಲೆ ಪ್ರತಿ ಸಲವೂ ಚೇಂಬರ್, ಬೋಲ್ಟಿನ ಮುಖ ಮತ್ತು ಖಾಲಿ ಕೇಸ್ ಎಳೆಯುವ ಕೊಕ್ಕೆಯ ಸಂದಿ. ಹಳೇ ಹಲ್ಲುಜ್ಜುವ ಬ್ರಷ್, ಕಿವಿಯ ಬಡ್ಸ್ ಸಾಕು. ನಳಿಗೆಯ ಒಳಗನ್ನು ಅಷ್ಟು ಉಜ್ಜಲ್ಲ. ಮೆತ್ತನೆಯ ಸೀಸ ನಳಿಗೆ ತಿನ್ನುವುದಕ್ಕಿಂತ ನಾವು ರಾಡ್ ಹಾಕಿ ಎಳೆದಾಡಿ ಮೂತಿ ಕೆಡಿಸುವುದೇ ಜಾಸ್ತಿ. ಅದಕ್ಕೆ ರಾಡ್ ಬಿಟ್ಟು ವೀಡ್ ಕಟ್ಟರಿನ ನೈಲಾನ್ ದಾರ ಬಳಸುತ್ತೇನೆ. ತೋಟದಲ್ಲಿ ಬೇಕಾದಷ್ಟು ಬಿದ್ದಿರುತ್ತದೆ. ಒಂದು ತುದಿಯನ್ನು ಲೈಟರಿನಲ್ಲಿ ಕಾಯಿಸಿ ಅಂಗಿ ಗುಂಡಿಯ ಹಾಗೆ ಮಾಡಿ, ಇನ್ನೊಂದು ತುದಿ ಚೂಪಾಗಿ ಕತ್ತರಿಸಿ. ಚೂಪು ತುದಿಯನ್ನು ಬಟ್ಟೆ ಚೂರಿಗೆ ಚುಚ್ಚಿ, ಬಟ್ಟೆಯನ್ನು ಗುಂಡಿಯವರೆಗೆ ಜಾರಿಸಿ. ದಾರವನ್ನು ಚೇಂಬರಿನ ಕಡೆಯಿಂದ ತೂರಿಸಿ ಮೂತಿಯಿಂದ ಎಳೆಯಿರಿ. ಹಳೇ ಪಂಚೆಯ ಬಟ್ಟೆಯಷ್ಟು ಒಳ್ಳೆಯದು ಬೇರೆ ಸಿಗಲ್ಲ.

ಎಣ್ಣೆ ವಿಷಯಕ್ಕೆ ನಮ್ಮೂರಲ್ಲಿ ಎಲ್ಲರೂ ಪಂಡಿತರು. ಕೊಬ್ಬರಿ ಎಣ್ಣೆ ಹಾಕಿ ಅಂದವರಿದ್ದಾರೆ. ಧನುರ್ಮಾಸದ ಬೆಳಿಗ್ಗೆ ಬಚ್ಚಲುಮನೆಯ ಬಾಟಲಿಯಲ್ಲಿ ಕೊಬ್ಬರಿ ಎಣ್ಣೆ ಹೇಗೆ ಹೆಪ್ಪುಗಟ್ಟಿರುತ್ತದೆ ನೋಡಿದ್ದೀರಲ್ವಾ? ಬೋಲ್ಟಿನ ಹಳಿಯಲ್ಲೂ ಅದೇ ಆಗುತ್ತದೆ. ನಾನು ತೆಳು ಗನ್ ಎಣ್ಣೆ ಬಳಸುತ್ತೇನೆ, ಬೋಲ್ಟಿನ ಎರಡೂ ಬದಿಗೆ ಒಂದೊಂದು ಹನಿ. ಜಾಸ್ತಿ ಹಾಕಿದರೆ ಮೇಣದ ಮಸಿ ಅಂಟಿಕೊಂಡು ಅಂಟಿನಪಾಕ ಆಗುತ್ತದೆ. ಮ್ಯಾಗಜಿನ್ ಒಳಗೆ ಎಣ್ಣೆ ಬೇಡ, ಒಣ ಬಟ್ಟೆ ಸಾಕು. ಚೇಂಬರಿನಲ್ಲೂ ಎಣ್ಣೆ ನಿಲ್ಲಬಾರದು.

ಇನ್ನು ಮಳೆ. ಆರಿದ್ರಾ ಹಿಡಿದರೆ ಆಶ್ಲೇಷದವರೆಗೆ ನಮ್ಮಲ್ಲಿ ಚರ್ಮದ ಚಪ್ಪಲಿಗೂ ಗಡ್ಡ ಬರುತ್ತದೆ. ಆದರೆ ನನ್ನ ಪಿಸ್ತೂಲಿಗೆ ತುಕ್ಕು ಹಿಡಿದದ್ದು ಮಳೆಗಾಲದಲ್ಲಿ ಅಲ್ಲ, 2023ರ ವಿಧಾನಸಭಾ ಚುನಾವಣೆಯಲ್ಲಿ. ಚುನಾವಣೆ ಬಂತು ಅಂದರೆ ಲೈಸೆನ್ಸ್ ಕೋವಿಗಳು ಠಾಣೆಗೆ ಹೋಗುತ್ತವೆ. ಕ್ರೀಡಾ ಶೂಟರ್‌ಗಳು ವಿನಾಯಿತಿ ಕೇಳಬಹುದು. ನಾನು ಅರ್ಜಿ ಕೊಟ್ಟದ್ದು ತಡವಾಯಿತು, ಅಪ್ಪನ ಕೋವಿಯ ಜೊತೆ ಜಿಎಸ್‌ಪಿಯೂ ಹೋಯಿತು. ಹಿಂದಿನ ದಿನವಷ್ಟೇ ಹಾರಿಸಿದ್ದೆ. ಕೈಬೆವರು ಒರೆಸದೆ, ಸ್ಪಂಜು ಹಾಸಿದ ಪೆಟ್ಟಿಗೆಯಲ್ಲಿಟ್ಟು ಮುಚ್ಚಿ ಕೊಟ್ಟೆ. ವಾಪಸ್ ಬಂದಾಗ ಹಿಡಿ ಬಿಚ್ಚಿ ನೋಡಿದರೆ ಅಂಗೈ ತಾಗುವ ಜಾಗದ ಕೆಳಗೆ ಸಾಸಿವೆ ಚೆಲ್ಲಿದ ಹಾಗೆ ಕೆಂಪು ಚುಕ್ಕೆಗಳು. ಠಾಣೆಯವರದೇನೂ ತಪ್ಪಿಲ್ಲ. ಸ್ಪಂಜು ತೇವ ಹಿಡಿದಿಡುತ್ತದೆ, ಅದು ಗೊತ್ತಿದ್ದೂ ಮುಚ್ಚಿದ್ದು ನಾನು. ಎಣ್ಣೆ ಹಾಕಿ ಅತಿ ನಯವಾದ ಸ್ಟೀಲ್ ವುಲ್‌ನಲ್ಲಿ ಮೆಲ್ಲಗೆ ಉಜ್ಜಿದೆ. ಚುಕ್ಕೆ ಹೋಯಿತು, ಗುರುತು ಉಳಿಯಿತು. ಈಗ ಪೆಟ್ಟಿಗೆ ಪ್ರಯಾಣಕ್ಕೆ ಮಾತ್ರ. ಮರುವರ್ಷ ಲೋಕಸಭೆ ಚುನಾವಣೆಗೆ ಅರ್ಜಿಯನ್ನು ಮೊದಲೇ ಕೊಟ್ಟೆ.

ಮನೆಯಲ್ಲಿ ಇಡುವುದು ಬೀಗದ ಕಬ್ಬಿಣದ ಬೀರುವಿನಲ್ಲಿ, ತೋಟೆಗಳು ಬೇರೆ ಬೀಗದಲ್ಲಿ. ಅಜ್ಜಿ ಮಳೆಗಾಲದಲ್ಲಿ ರೇಷ್ಮೆ ಸೀರೆಯ ಕಪಾಟಿಗೆ ಸಣ್ಣ ಬಲ್ಬು ಹಾಕಿಡುತ್ತಿದ್ದಳು. ನಾನೂ ಅದನ್ನೇ ಮಾಡಿದ್ದೇನೆ. ಜೊತೆಗೆ ಸಿಲಿಕಾ ಜೆಲ್ ಡಬ್ಬ. ನೀಲಿ ಹರಳು ಗುಲಾಬಿಗೆ ತಿರುಗಿದರೆ ತವದ ಮೇಲೆ ಸಣ್ಣ ಉರಿಯಲ್ಲಿ ಒಣಗಿಸಿದರೆ ಮತ್ತೆ ನೀಲಿ. ಜುಲೈಯಲ್ಲಿ ವಾರಕ್ಕೆರಡು ಸಲ ಆ ಕೆಲಸ. ಈ ತವದಲ್ಲಿ ರೊಟ್ಟಿ ಸುಡಬಾರದು ಅಂತ ಬರೆದು ಅಂಟಿಸಿದ್ದಾರೆ, ಯಾರು ಅಂತ ಹೇಳಬೇಕಿಲ್ಲ. ಹಣ್ಣಿನ ಸಿಪ್ಪೆ ತೆಗೆದ ಪಾರ್ಚ್‌ಮೆಂಟ್ ಕಾಫಿಯನ್ನು ಶೇಕಡಾ 10ರ ತೇವಕ್ಕೆ ತರುವ ತನಕ ನಿದ್ದೆ ಮಾಡದ ನಮಗೆ ಬೀರುವಿನ ತೇವ ನೋಡೋದು ಹೊಸ ಕೆಲಸವೇನಲ್ಲ. ಗೋಡೌನಿನ ತೇವಮಾಪಕವೊಂದು ಈಗ ಪಿಸ್ತೂಲಿನ ಪಕ್ಕ ಇದೆ.

ಮಳೆಗೆ ಇನ್ನೊಂದು ತಂಟೆ ಹಿಡಿಯ ಮರ. ವಾಲ್‌ನಟ್ ಮರ ತೇವಕ್ಕೆ ಸ್ವಲ್ಪ ಉಬ್ಬುತ್ತದೆ. ಬೇಸಿಗೆಯಲ್ಲಿ ಪುಟ್ಟಿ ತುಂಬಿ ಅಳತೆಗೆ ಮಾಡಿಕೊಂಡ ಹಿಡಿ ಆಗಸ್ಟಿನಲ್ಲಿ ಬೇರೆಯವರದು ಅನ್ನಿಸುತ್ತದೆ. ಮಳೆಗಾಲದಲ್ಲಿ ಕೆರೆಯಬೇಡಿ. ನಾನು ಕೆರೆದೆ, ಜನವರಿಯಲ್ಲಿ ಮತ್ತೆ ಪುಟ್ಟಿ ತುಂಬಿದೆ.

ಟ್ರಿಗರ್ ತೂಕ ಕನಿಷ್ಠ 1000 ಗ್ರಾಂ ಇರಬೇಕು ಅನ್ನೋದು 25 ಮೀಟರ್ ಪಿಸ್ತೂಲಿನ ನಿಯಮ. ಸರಿಯಾಗಿ 1000ಕ್ಕೆ ಹೊಂದಿಸಿಕೊಂಡು ಒಂದು ಪಂದ್ಯಕ್ಕೆ ಹೋಗಿದ್ದೆ. ತಪಾಸಣೆಯಲ್ಲಿ ತೂಕದ ಕಲ್ಲು ಮೇಲೇಳಲೇ ಇಲ್ಲ, ಟ್ರಿಗರ್ ಬಿಟ್ಟುಕೊಂಡಿತು. ಸಾಲಿನಲ್ಲಿ ಹಿಂದೆ ನಿಂತವರ ಮುಂದೆ ಸ್ಕ್ರೂ ತಿರುಗಿಸುತ್ತಾ ಬೆವರಿದೆ. ಈಗ 1040ರ ಹತ್ತಿರ ಇಡುತ್ತೇನೆ. ಮನೆಯಲ್ಲಿ ಅಳೆಯಲು ಮರಳು ತುಂಬಿದ ಬಾಟಲಿ ಮಾಡಿಕೊಂಡಿದ್ದೇನೆ. ಖಾಲಿ ಹೊಡೆದು ಅಭ್ಯಾಸ ಮಾಡುವಾಗ ಚೇಂಬರಿನಲ್ಲಿ ಪ್ಲಾಸ್ಟಿಕ್ ಪ್ಲಗ್ಗೋ ಹಾರಿಸಿದ ಕೇಸೋ ಇರಲಿ. ಇಲ್ಲದಿದ್ದರೆ ಪಿನ್ ನೇರ ಚೇಂಬರಿನ ಅಂಚಿಗೆ ಬಡಿದು ಹಳ್ಳ ಮಾಡಬಹುದು.

ತೋಟೆ ವಿಷಯ ಚಿಕ್ಕದಾಗಿ. ಹೆಚ್ಚು ವೇಗದ ಹೈ ವೆಲಾಸಿಟಿ ತೋಟೆ ಬೇಡವೇ ಬೇಡ, ಈ ಪಿಸ್ತೂಲುಗಳು ಸ್ಟ್ಯಾಂಡರ್ಡ್ ವೆಲಾಸಿಟಿಗೆ ಮಾಡಿದವು. ಎಸ್‌ಕೆ, ಎಲಿ, ಸಿಸಿಐ ಮೂರೂ ಕಂಪನಿಯ ತೋಟೆ ಹಾರಿಸಿದ್ದೇನೆ. ನನ್ನ ಮಟ್ಟದವರಿಗೆ ಹೆಸರಿಗಿಂತ ಒಂದೇ ಲಾಟ್ ನಂಬರಿನ, ಅಂದರೆ ಒಂದೇ ಕಂತಿನಲ್ಲಿ ತಯಾರಾದ ಪೆಟ್ಟಿಗೆಗಳು ಸಿಗುವುದು ಮುಖ್ಯ.

ಮಗಳು ಹತ್ತು ಮೀಟರ್ ಏರ್ ಪಿಸ್ತೂಲು ಶುರು ಮಾಡಿದ್ದಾಳೆ, ನಮ್ಮ ಕಾಫಿ ಗೋಡೌನಿನಲ್ಲೇ. ಅದಕ್ಕೆ ಮೇಣವೂ ಇಲ್ಲ, ಮಸಿಯೂ ಇಲ್ಲ. ಗಾಳಿ ಸಿಲಿಂಡರಿನ ಮೇಲೆ ಬರೆದ ಹತ್ತು ವರ್ಷದ ಅವಧಿ ನೋಡಿಕೊಂಡರೆ ಆಯಿತು. ಹೊಸಬರು ಕೇಳಿದರೆ ಮೊದಲು ಅದನ್ನೇ ತಗೊಳ್ಳಿ ಅನ್ನುತ್ತೇನೆ. ಆಮೇಲೂ ಪಾಯಿಂಟ್ 22 ಬೇಕು ಅನ್ನಿಸಿದರೆ, ಒಳ್ಳೇ ಕೈಯಲ್ಲಿದ್ದ ಹಳೇ ಜಿಎಸ್‌ಪಿ ಸಿಕ್ಕರೆ ಬಿಡಬೇಡಿ. 10 ಸೆಕೆಂಡಿನ ಸರಣಿಯೇ ನಿಮ್ಮ ತಲೆನೋವಾಗಿದ್ದರೆ ಮಾತ್ರ ಪಾರ್ಡಿನಿ. ಮೊನ್ನೆ ಮಗಳು ಬೀರು ಬಾಗಿಲಲ್ಲಿ ನಿಂತು, "ಅಪ್ಪಾ, ನಿಂಗೆ ಪಿಸ್ತೂಲು ಹಾರಿಸೋದು ಇಷ್ಟಾನಾ, ಒರೆಸೋದು ಇಷ್ಟಾನಾ?" ಅಂದಳು. ಹರಳು ಗುಲಾಬಿ ಆಗಿತ್ತು, ತವ ತರಲು ಹೋದೆ.