0.4 ದೊಡ್ಡದಾ, 0.35 ದೊಡ್ಡದಾ? ನಾಲ್ಕು ದಾರಿಯಲ್ಲಿ ಕಲಿಸಿ ನೋಡಿದೆ

ಐದನೇ ತರಗತಿಗೆ ದಶಮಾಂಶ ಕಲಿಸುವ ಎಲ್ಲರಿಗೂ ಈ ಜೋಡಿ ಗೊತ್ತಿರುತ್ತದೆ. ಬೋರ್ಡ್ ಮೇಲೆ 0.4, 0.35 ಬರೆದು ಯಾವುದು ದೊಡ್ಡದು ಅಂತ ಕೇಳಿದರೆ, ಜಾಸ್ತಿ ಕೈಗಳು 0.35ಕ್ಕೇ ಏಳುತ್ತವೆ. ಯಾಕೆ ಅಂತ ಕೇಳಿದರೆ ಉತ್ತರ ಬಾಯಲ್ಲೇ ಇರುತ್ತದೆ: "ಮೂವತ್ತೈದು ನಾಲ್ಕಕ್ಕಿಂತ ದೊಡ್ಡದಲ್ವಾ ಮಿಸ್?"

ಮಕ್ಕಳದು ತಪ್ಪಲ್ಲ. ನಾಲ್ಕು ವರ್ಷ ನಾವೇ ಹೇಳಿಕೊಟ್ಟಿದ್ದೇವೆ, ಅಂಕಿ ಜಾಸ್ತಿ ಇದ್ದರೆ ಸಂಖ್ಯೆ ದೊಡ್ಡದು ಅಂತ. ಈಗ ಒಂದು ಚುಕ್ಕಿ ಬಂದ ಕೂಡಲೇ ಅದನ್ನು ಬಿಟ್ಟುಬಿಡಿ ಅಂದರೆ ಹೇಗೆ ಬಿಡುತ್ತಾರೆ?

ಇದಕ್ಕಿಂತ ಮೋಸದ ಗುಂಪು ಇನ್ನೊಂದಿದೆ. ಅವರು 0.4 ಅಂತ ಸರಿಯಾಗಿಯೇ ಹೇಳುತ್ತಾರೆ. ಅದೇ ಮಕ್ಕಳಿಗೆ 0.4 ಮತ್ತು 0.85 ಕೊಟ್ಟು ನೋಡಿ. ಮತ್ತೆ 0.4 ಅನ್ನುತ್ತಾರೆ! ಶತಾಂಶ (ನೂರನೇ ಒಂದು ಪಾಲು) ದಶಾಂಶಕ್ಕಿಂತ (ಹತ್ತನೇ ಒಂದು ಪಾಲು) ಚಿಕ್ಕದು ಅಂತ ಪಾಠದಲ್ಲಿ ಕೇಳಿದ್ದಾರೆ. ಹಾಗಾಗಿ ಚುಕ್ಕಿಯ ಆಚೆ ಅಂಕಿ ಕಡಿಮೆ ಇದ್ದರೆ ಅದೇ ದೊಡ್ಡದು ಅಂದುಕೊಂಡಿದ್ದಾರೆ. ಬರೀ ಮೊದಲ ಜೋಡಿ ಕೇಳಿ ಮುಂದೆ ಹೋದರೆ ಈ ಮಕ್ಕಳು ನಮಗೆ ಕಾಣುವುದೇ ಇಲ್ಲ. ಮೊದಲ ಎರಡು ವರ್ಷ ನನಗೂ ಕಾಣಲಿಲ್ಲ.

ಆಮೇಲೆ ನಾಲ್ಕು ಜೋಡಿ ಗೊತ್ತುಮಾಡಿಕೊಂಡೆ: 0.4 ಮತ್ತು 0.35, 0.4 ಮತ್ತು 0.85, 0.3 ಮತ್ತು 0.30, ಕೊನೆಗೆ 0.425 ಮತ್ತು 0.43. ಯಾವ ರೀತಿಯಲ್ಲಿ ಕಲಿಸಿದರೂ ಪಾಠ ಮುಗಿದ ವಾರ ಒಮ್ಮೆ, ಒಂದೂವರೆ ತಿಂಗಳು ಬಿಟ್ಟು ಇನ್ನೊಮ್ಮೆ ಇವನ್ನೇ ಕೇಳುತ್ತೇನೆ. ಎರಡನೇ ಸಲದ ಉತ್ತರವೇ ನನಗೆ ಮುಖ್ಯ. ನಮ್ಮದು ಶಿರಾ ಕಡೆಯ ಹಳ್ಳಿ ಶಾಲೆ. ಬೇರೆ ಬೇರೆ ವರ್ಷ, ಬೇರೆ ಬೇರೆ ಮಕ್ಕಳ ಮೇಲೆ ನೋಡಿದ್ದನ್ನು ಇಲ್ಲಿ ಹೇಳುತ್ತಿದ್ದೇನೆ.

ಶುರು ಮಾಡಿದ್ದು ಎಲ್ಲರಂತೆ ಸೊನ್ನೆ ತುಂಬಿಸುವುದರಿಂದ. 0.4ರ ಮುಂದೆ ಒಂದು ಸೊನ್ನೆ ಹಾಕು, 0.40 ಆಯಿತು. ಈಗ 40 ದೊಡ್ಡದೋ 35 ದೊಡ್ಡದೋ ನೋಡು, ಮುಗಿಯಿತು. ಒಂದೇ ಪೀರಿಯಡ್‌ನಲ್ಲಿ ಎಲ್ಲರಿಗೂ ಬಂತು. ನಾಲ್ಕೂ ಜೋಡಿ ಸರಿ. ವೇಗದಲ್ಲಿ ಇದನ್ನು ಮೀರಿಸುವ ದಾರಿ ಇಲ್ಲ, ಒಪ್ಪುತ್ತೇನೆ.

ಒಂದೂವರೆ ತಿಂಗಳಾದ ಮೇಲೆ ಕೇಳಿದರೆ ಕೆಲವರು ಸೊನ್ನೆಯನ್ನು ಹಿಂದಕ್ಕೆ ಹಾಕಿದ್ದರು. 0.4 ಹೋಗಿ 0.04 ಆಗಿತ್ತು. ಎರಡೂ ಕಡೆ ಅಂಕಿ ಸಮ ಆಗಬೇಕು ಅನ್ನುವುದಷ್ಟೇ ನೆನಪಿತ್ತು, ಸೊನ್ನೆ ಎಲ್ಲಿ ಅನ್ನುವುದು ಮರೆತಿತ್ತು. ಅದಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ಮೂರನೇ ಬೆಂಚಿನ ಒಬ್ಬ ಹುಡುಗಿಯ ಪ್ರಶ್ನೆ. "ಮಿಸ್, 4ರ ಮುಂದೆ ಸೊನ್ನೆ ಹಾಕಿದ್ರೆ 40 ಆಗುತ್ತೆ, ಹತ್ತು ಪಟ್ಟು ಜಾಸ್ತಿ ಅಂತ ನೀವೇ ಹೇಳಿದ್ರಿ. ಇಲ್ಲಿ ಮಾತ್ರ ಯಾಕೆ ಜಾಸ್ತಿ ಆಗಲ್ಲ?"

ಎಂಥ ಒಳ್ಳೆಯ ಪ್ರಶ್ನೆ! ದಶಮಾಂಶದ ಅಷ್ಟೂ ಗುಟ್ಟು ಅದರಲ್ಲೇ ಇದೆ. 40 ಬರೆದಾಗ 4 ಬಿಡಿ ಸ್ಥಾನ ಬಿಟ್ಟು ಹತ್ತರ ಸ್ಥಾನಕ್ಕೆ ಹೋಗುತ್ತದೆ. 0.40 ಬರೆದಾಗ 4 ಇದ್ದಲ್ಲೇ ಇರುತ್ತದೆ. ಇದನ್ನು ಅವಳಿಗೆ ಬಾಯಲ್ಲಿ ಹೇಳಿದೆ. ತಲೆ ಆಡಿಸಿದಳು, ಆದರೆ ಮುಖದಲ್ಲಿ ಒಪ್ಪಿಗೆ ಇರಲಿಲ್ಲ. ಕಣ್ಣಿಗೆ ಕಾಣುವ ಹಾಗೆ ತೋರಿಸಬೇಕು ಅಂತ ಅವತ್ತು ಅನ್ನಿಸಿತು.

ಮರುವರ್ಷ ದುಡ್ಡು ಹಿಡಿದೆ. ರೂಪಾಯಿ, ಪೈಸೆ ಮಕ್ಕಳಿಗೆ ಗೊತ್ತಿರುವ ವಿಷಯ ಅನ್ನುವುದು ನನ್ನ ಲೆಕ್ಕ. ಆ ಲೆಕ್ಕವೇ ತಪ್ಪಾಗಿತ್ತು. 25 ಪೈಸೆ ಮತ್ತು ಅದಕ್ಕಿಂತ ಸಣ್ಣ ನಾಣ್ಯಗಳು 2011ರ ಜೂನ್ 30ಕ್ಕೇ ಚಲಾವಣೆಯಿಂದ ಹೋದವು. 50 ಪೈಸೆ ಇನ್ನೂ ಚಲಾವಣೆಯಲ್ಲಿದೆ, ಆದರೆ ನಮ್ಮೂರ ಅಂಗಡಿಯಲ್ಲಿ ಯಾರೂ ಮುಟ್ಟುವುದಿಲ್ಲ. ನನ್ನ ಮಕ್ಕಳು ಹತ್ತು ಪೈಸೆಯನ್ನು ಕಣ್ಣಲ್ಲೇ ಕಂಡಿಲ್ಲ. ಅಜ್ಜಿ ಬಾಯಲ್ಲಿ ನಾಲ್ಕಾಣೆ, ಎಂಟಾಣೆ ಕೇಳಿದ್ದಾರೆ. ಅದು ರೂಪಾಯಿಗೆ ಹದಿನಾರು ಆಣೆಯ ಹಳೇ ಲೆಕ್ಕ. ರೂಪಾಯಿಗೆ ನೂರು ಪೈಸೆ ಅಂತ ಆದದ್ದು 1957ರ ಏಪ್ರಿಲ್ 1ರಿಂದ. ಅಂದರೆ ನಾನು ಗೊತ್ತಿರುವುದನ್ನು ಬಿಟ್ಟು ಗೊತ್ತಿಲ್ಲದ ಇನ್ನೊಂದರಿಂದ ಕಲಿಸುತ್ತಿದ್ದೆ.

ಅದಾದರೂ ಹೋಗಲಿ ಅನ್ನಬಹುದು, ಆಟದ ದುಡ್ಡು ಮಾಡಿಕೊಳ್ಳಬಹುದು. ನಿಜವಾದ ತೊಂದರೆ ಬೇರೆ. ದುಡ್ಡಿನಲ್ಲಿ ಚುಕ್ಕಿ ಆದ ಮೇಲೆ ಯಾವಾಗಲೂ ಎರಡೇ ಅಂಕಿ. ಯಾರೂ 2.5 ರೂಪಾಯಿ ಅಂತ ಬಿಲ್ ಬರೆಯುವುದಿಲ್ಲ, 2.50 ಅಂತಲೇ ಬರೆಯುತ್ತಾರೆ. ಎರಡೂ ಕಡೆ ಅಂಕಿ ಸಮ ಇದ್ದರೆ ಚುಕ್ಕಿ ಮರೆತು ಹೋಲಿಸಿದರೂ ಉತ್ತರ ಸರಿ ಬರುತ್ತದೆ. ಹಾಗಾಗಿ ಮಗುವಿನ ತಲೆಯಲ್ಲಿರುವ ತಪ್ಪನ್ನು ದುಡ್ಡು ಕೆದಕುವುದೇ ಇಲ್ಲ. ತರಕಾರಿ ಅಂಗಡಿಯ ಡಿಜಿಟಲ್ ತಕ್ಕಡಿಯೂ ಹೀಗೇ: 0.250, 0.500, ಯಾವಾಗಲೂ ಮೂರು ಅಂಕಿ. ನೀರಜ್ ಚೋಪ್ರಾ ಎಸೆತವೂ ಹೀಗೇ. ಟೋಕಿಯೋದಲ್ಲಿ 87.58 ಮೀಟರ್, ಪ್ಯಾರಿಸ್‌ನಲ್ಲಿ 89.45. ಮಕ್ಕಳಿಗೆ ಬಹಳ ಇಷ್ಟದ ಉದಾಹರಣೆ, ಆದರೆ ಅದರಿಂದ ಈ ಗಂಟು ಬಿಚ್ಚುವುದಿಲ್ಲ.

ದುಡ್ಡಲ್ಲಿ ಕಲಿತ ಮಕ್ಕಳು 0.4ನ್ನು "ನಾಲ್ಕು ಪೈಸೆ" ಅಂದರು. ಕೊನೇ ಜೋಡಿ ಕೊಟ್ಟಾಗ ಒಬ್ಬ ಹುಡುಗ ಲೆಕ್ಕ ಹಾಕಿ ಹೇಳಿದ: "425 ಪೈಸೆ ಅಂದ್ರೆ ನಾಲ್ಕು ರೂಪಾಯಿ ಇಪ್ಪತ್ತೈದು ಪೈಸೆ ಮಿಸ್. ಅದೇ ದೊಡ್ಡದು." ಅವನ ದಾರಿಯಲ್ಲಿ ಅವನು ಸರಿಯೇ. ನಾಲ್ಕು ದಾರಿಗಳಲ್ಲಿ ನನಗೆ ಎಲ್ಲಕ್ಕಿಂತ ಕಡಿಮೆ ಫಲ ಕೊಟ್ಟಿದ್ದು ಇದೇ. ಆದರೂ ಎಲ್ಲರೂ ಮೊದಲು ಹಿಡಿಯುವುದು ಇದನ್ನೇ.

ಮೂರನೆಯದು ನೂರು ಚೌಕದ ಹಾಳೆ. ಹತ್ತು ಸಾಲು, ಹತ್ತು ಕಂಬ. ಇಡೀ ಹಾಳೆ ಒಂದು, ಒಂದು ಕಂಬ ದಶಾಂಶ, ಒಂದು ಚೌಕ ಶತಾಂಶ. 0.3ಕ್ಕೆ ಮೂರು ಕಂಬ ಬಣ್ಣ ಹಚ್ಚಬೇಕು. 0.30ಕ್ಕೆ ಮೂವತ್ತು ಚೌಕ. ಎರಡು ಹಾಳೆ ಪಕ್ಕ ಪಕ್ಕ ಇಟ್ಟರೆ ಒಂದೇ. ಈ ಜೋಡಿಗೆ ಇದಕ್ಕಿಂತ ಒಳ್ಳೆಯ ದಾರಿ ಬೇರೆ ಸಿಕ್ಕಿಲ್ಲ, ಈಗಲೂ ಬಳಸುತ್ತೇನೆ.

ಕಷ್ಟ ಎರಡು. ಬಣ್ಣ ಹಚ್ಚುವುದರಲ್ಲೇ ಪೀರಿಯಡ್ ಮುಗಿಯುತ್ತದೆ. ಮಕ್ಕಳು ಒಂದೊಂದೇ ಚೌಕ ಎಣಿಸಿ ಹಚ್ಚುತ್ತಾರೆ, ಆಗ ಅದು ಮತ್ತೆ 40 ಮತ್ತು 35ರ ಲೆಕ್ಕವೇ ಆಗುತ್ತದೆ, ಕಂಬ ಮರೆತೇಹೋಗುತ್ತದೆ. ಇನ್ನೊಂದು, 0.425 ಬಂದರೆ ಒಂದು ಚೌಕವನ್ನು ಹತ್ತು ಸೀಳಬೇಕು. ಗ್ರಾಫ್ ಹಾಳೆಯಲ್ಲಿ ಮಿಲಿಮೀಟರ್ ಗೆರೆ ಇರುವುದರಿಂದ ಆಗುತ್ತದೆ, ಆದರೆ ಹತ್ತು ವರ್ಷದ ಮಕ್ಕಳ ಪೆನ್ಸಿಲ್ಲಿಗೆ ಅದು ತೀರಾ ಸಣ್ಣದು. ಶಾಲೆಯ ಗಣಿತ ಕಿಟ್‌ನ ಬ್ಲಾಕ್‌ಗಳನ್ನೂ ಇಟ್ಟು ನೋಡಿದೆ. ಮೂರು ವರ್ಷ ಅದರಲ್ಲಿನ ನೂರು ಚೌಕದ ಚಪ್ಪಟೆ ಬ್ಲಾಕನ್ನು ನೂರು ಅಂದಿದ್ದ ಮಕ್ಕಳಿಗೆ ಇವತ್ತಿಂದ ಇದು ಒಂದು ಅಂದರೆ ಗಲಿಬಿಲಿ ಆಯಿತು. ಬ್ಲಾಕ್ ಒಳ್ಳೆಯದೇ, ಆದರೆ ಹಳೇ ಹೆಸರು ಅಂಟಿಕೊಂಡಿದೆ.

ಹಾಗಾಗಿ ಹಳೇ ಹೆಸರಿಲ್ಲದ ವಸ್ತು ಬೇಕಾಗಿತ್ತು. ಸಿಕ್ಕಿದ್ದು ಡ್ರಿಪ್ ಪೈಪ್. ನಮ್ಮ ಕಡೆ ಅಡಿಕೆ ತೋಟದ ಬದುವಿನಲ್ಲಿ ಹಳೇ ಪೈಪಿನ ಸುರುಳಿ ಸುಮ್ನೆ ಬಿದ್ದಿರುತ್ತದೆ. ಒಂದು ಮಗುವಿನ ಅಪ್ಪ ತಂದುಕೊಟ್ಟರು. ಒಂದು ಮೀಟರ್ ಉದ್ದದ್ದು ಕೆಲವು, ಅದರ ಹತ್ತನೇ ಒಂದು ಪಾಲಿನದ್ದು ಒಂದಷ್ಟು, ನೂರನೇ ಒಂದು ಪಾಲಿನದ್ದು ಒಂದು ಡಬ್ಬಿ ತುಂಬ ಕತ್ತರಿಸಿದೆ. ಮಕ್ಕಳೇ ಹೆಸರಿಟ್ಟರು: ಉದ್ದ, ತುಂಡು, ಚೂರು.

ಒಂದು ಮಾತು ಬಹಳ ಮುಖ್ಯ. ಮೀಟರ್, ಸೆಂಟಿಮೀಟರ್ ಅನ್ನುವ ಪದ ತೆಗೆಯಲೇಬಾರದು. ತೆಗೆದರೆ 0.35 ಕೂಡಲೇ "35 ಸೆಂಟಿಮೀಟರ್" ಆಗುತ್ತದೆ, ಮತ್ತೆ ಪೂರ್ಣಸಂಖ್ಯೆಗೆ ಬಂದು ಬೀಳುತ್ತೇವೆ. "ಈ ಉದ್ದವೇ ಒಂದು" ಅಂತ ಹೇಳಿ ಸುಮ್ಮನಾಗಬೇಕು.

ಮೊದಲ ದಿನ ನೆಲದ ಮೇಲೆ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆದು, ಗೆರೆಯಿಂದ ಶುರು ಮಾಡಿ 0.4 ಜೋಡಿಸಿ ಅಂದೆ. ನಾಲ್ಕು ತುಂಡು ಇಟ್ಟರು. ಕೆಳಗೆ 0.35. ಮೂರು ತುಂಡು, ಐದು ಚೂರು. ಸೊನ್ನೆಯ ಪ್ರಶ್ನೆ ಕೇಳಿದ್ದಳಲ್ಲ, ಅವಳ ತಂಗಿ ಆ ವರ್ಷ ನನ್ನ ತರಗತಿಗೆ ಬಂದಿದ್ದಳು. ಮೊದಲೇ ಕೈ ಎತ್ತಿ 0.35 ದೊಡ್ಡದು ಅಂದಿದ್ದಳು. ಐದನೇ ಚೂರು ಇಟ್ಟಳು, ಸಾಲು ಇನ್ನೂ ಗಿಡ್ಡ. ಡಬ್ಬಿಯಿಂದ ಇನ್ನೊಂದು ಚೂರು ತೆಗೆದು ಇಟ್ಟಳು, ಮತ್ತೊಂದು ಇಟ್ಟಳು. ಹೀಗೇ ಹತ್ತು ಚೂರು ಆದಾಗ ಎರಡು ಸಾಲೂ ಸಮ ಬಂದವು. ಸ್ವಲ್ಪ ಹೊತ್ತು ನೋಡಿ, "ಓ, ಹತ್ತು ಚೂರು ಸೇರಿದ್ರೇನೇ ಒಂದು ತುಂಡು. ಐದು ಚೂರು ಎಲ್ಲಿ ಸಾಕಾಗುತ್ತೆ" ಅಂದಳು. ನಾನು ಏನೂ ಹೇಳಬೇಕಾಗಲಿಲ್ಲ.

ಮಕ್ಕಳು ಓದುವ ರೀತಿಯೂ ಅಲ್ಲಿಂದ ಬದಲಾಯಿತು. 0.35ನ್ನು "ಸೊನ್ನೆ ಪಾಯಿಂಟ್ ಮೂವತ್ತೈದು" ಅನ್ನುವುದು ನಮ್ಮೆಲ್ಲರ ರೂಢಿ. ಹಾಗೆ ಓದಿದರೆ ಮೂವತ್ತೈದು ಕಿವಿಗೆ ಬಿದ್ದೇ ಬೀಳುತ್ತದೆ. "ಮೂರು ತುಂಡು ಐದು ಚೂರು" ಅಂತ ಓದುವ ಮಗುವಿಗೆ ಮೂವತ್ತೈದು ಕೇಳಿಸುವುದೇ ಇಲ್ಲ. ವಾರದ ಮೇಲೆ "ಮೂರು ದಶಾಂಶ ಐದು ಶತಾಂಶ"ಕ್ಕೆ ಹೋಗುವುದು ಸುಲಭವಾಯಿತು.

0.425ಕ್ಕೆ ಪೈಪ್ ಅಷ್ಟು ತೆಳ್ಳಗೆ ಕತ್ತರಿಸಲು ಆಗುವುದಿಲ್ಲ. ಹಳೇ ನೋಟ್‌ಬುಕ್ಕಿನ ರಟ್ಟು ತಂದು ಚಿಕ್ಕ ಚಿಕ್ಕ ಬಿಲ್ಲೆ ಮಾಡಿ, ಹತ್ತು ಬಿಲ್ಲೆ ಒತ್ತಾಗಿ ನಿಲ್ಲಿಸಿದರೆ ಹೆಚ್ಚುಕಡಿಮೆ ಒಂದು ಚೂರಿನಷ್ಟು ಬರುತ್ತದೆ. ಆದರೆ ಅದನ್ನು ಜೋಡಿಸುವ ಮೊದಲೇ ಜಾಸ್ತಿ ಮಕ್ಕಳು ಉತ್ತರ ಹೇಳಿಬಿಟ್ಟರು. ನಾಲ್ಕು ತುಂಡು ಎರಡರಲ್ಲೂ ಇದೆ. ಒಂದರಲ್ಲಿ ಎರಡು ಚೂರು, ಇನ್ನೊಂದರಲ್ಲಿ ಮೂರು. "ಐದು ಬಿಲ್ಲೆ ಒಂದು ಚೂರಿಗೂ ಸಮ ಬರಲ್ಲ ಮಿಸ್." ಎಡದಿಂದ ಒಂದೊಂದೇ ಸ್ಥಾನ ನೋಡಬೇಕು ಅನ್ನುವ ನಿಯಮವನ್ನು ನಾನು ಬೋರ್ಡ್ ಮೇಲೆ ಬರೆಯುವ ಮೊದಲೇ ಅವರು ಹಿಡಿದಿದ್ದರು. ಒಂದೂವರೆ ತಿಂಗಳಾದ ಮೇಲೆ ಕೇಳಿದಾಗಲೂ ತಪ್ಪಿದವರು ಬೆರಳೆಣಿಕೆಯಷ್ಟು ಮಾತ್ರ.

ಇನ್ನೊಂದು ಪ್ರಶ್ನೆ ಸೇರಿಸಿದೆ. 0.6ಕ್ಕೂ 0.7ಕ್ಕೂ ನಡುವೆ ಏನಾದರೂ ಇದೆಯಾ? ಸೊನ್ನೆ ತುಂಬಿ ಕಲಿತವರೂ ದುಡ್ಡಲ್ಲಿ ಕಲಿತವರೂ "ಏನೂ ಇಲ್ಲ, 6 ಆದ ಮೇಲೆ 7" ಅಂದಿದ್ದರು. ಪೈಪಿನ ಮಕ್ಕಳು ಆರು ತುಂಡಿನ ಪಕ್ಕ ಒಂದು ಚೂರು ಇಟ್ಟು ತೋರಿಸಿದರು. ಒಬ್ಬ ಅದರ ಪಕ್ಕ ಒಂದು ಬಿಲ್ಲೆಯನ್ನೂ ಇಟ್ಟ. ಈ ಒಂದು ಪ್ರಶ್ನೆಯಲ್ಲೇ ನಾಲ್ಕು ದಾರಿಯ ವ್ಯತ್ಯಾಸ ನನಗೆ ಪೂರ್ತಿ ಕಂಡಿತು.

ಪೈಪಿಗೂ ಸೋಲುವ ಜಾಗ ಇದೆ. 37.4 ಮತ್ತು 37.35 ಹೋಲಿಸಲು ಮೂವತ್ತೇಳು ಮೀಟರ್ ಹಾಸುವುದಕ್ಕೆ ಆಗುವುದಿಲ್ಲ. ಅಷ್ಟು ಹೊತ್ತಿಗೆ ಸ್ಥಾನಬೆಲೆ ಪಟ್ಟಿಗೆ ಬಂದಿರಬೇಕು. ಮಕ್ಕಳು ತುಂಡು ಚೂರಿಗೇ ಜೋತುಬೀಳದಂತೆಯೂ ನೋಡಿಕೊಳ್ಳಬೇಕು. ನಾನು ನಾಲ್ಕನೇ ದಿನ ಡಬ್ಬಿ ಮುಚ್ಚಿ, ಕಣ್ಣು ಮುಚ್ಚಿ ಜೋಡಿಸಿ ಅನ್ನುತ್ತೇನೆ.

ಈಗ ನನ್ನ ಕ್ರಮ ಹೀಗಿದೆ: ಮೂರು ದಿನ ಪೈಪ್, 0.3 ಮತ್ತು 0.30ಕ್ಕೆ ಒಂದು ದಿನ ಚೌಕದ ಹಾಳೆ, ಎಲ್ಲ ಆದ ಮೇಲೆ ಕೊನೆಗೆ ಸೊನ್ನೆ ತುಂಬುವುದು. ಆಗ ಯಾರೂ ಸೊನ್ನೆಯನ್ನು ಹಿಂದೆ ಹಾಕುವುದಿಲ್ಲ. ಅದು "ಚೂರು ಏನೂ ಇಲ್ಲ" ಅಂತ ಬರೆದ ಹಾಗೆ ಅಂತ ಅವರಿಗೆ ಗೊತ್ತು. ದುಡ್ಡನ್ನು ಕೂಡುವ, ಕಳೆಯುವ ಲೆಕ್ಕಕ್ಕೆ ಇಟ್ಟುಕೊಂಡಿದ್ದೇನೆ. ಅಲ್ಲಿ ಅದು ಚೆನ್ನಾಗಿ ಕೆಲಸ ಮಾಡುತ್ತದೆ.

ಅಭ್ಯಾಸಕ್ಕೆ ಹಾಲಿನ ಡೈರಿಯ ಚೀಟಿ ತರಿಸುತ್ತೇನೆ. ಬೆಳಗ್ಗೆ ಹಾಲು ಹಾಕಿ ಬರುವ ಮಕ್ಕಳಿಗೆ ಫ್ಯಾಟ್ 3.9 ಬಂದರೆ ಏನು, 4.1 ಬಂದರೆ ಏನು ಅಂತ ಮನೆಯಲ್ಲೇ ಗೊತ್ತು. ಓಟದ ಸಮಯವೂ ಒಳ್ಳೆಯದು, ಅಲ್ಲಿ ಚಿಕ್ಕ ಸಂಖ್ಯೆಯವರೇ ಮುಂದೆ. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನ 400 ಮೀಟರ್ ಹರ್ಡಲ್ಸ್‌ನಲ್ಲಿ ಪಿ.ಟಿ. ಉಷಾ 55.42 ಸೆಕೆಂಡ್, ಮೂರನೆಯವರು 55.41. ಎರಡು ಚೂರು ಒಂದು ಕಡೆ, ಒಂದು ಚೂರು ಇನ್ನೊಂದು ಕಡೆ. ಇದನ್ನು ಹೇಳಿದ ದಿನ ತರಗತಿ ಪೂರ್ತಿ ಮೌನವಾಗಿತ್ತು.

ಆದರೆ ಕ್ರಿಕೆಟ್ ಓವರ್ ಮಾತ್ರ ಬೇಡ. 4.5 ಓವರ್ ಆದ ಮೇಲೆ ಇನ್ನೊಂದು ಬಾಲ್ ಹಾಕಿದರೆ 5. ಅಲ್ಲಿರುವುದು ಆರರ ಲೆಕ್ಕ, ಹತ್ತರದ್ದಲ್ಲ. ಒಬ್ಬ ಹುಡುಗ "4.6 ಅಂದ್ರೆ 5 ಅಲ್ವಾ ಮಿಸ್" ಅಂದಿದ್ದ. ಎತ್ತರ ಹೇಳುವ 5.10 ಅಡಿಯೂ ಹೀಗೇ, ಅಲ್ಲಿ ಅದು 5.9ಕ್ಕಿಂತ ಜಾಸ್ತಿ. ಪುಸ್ತಕದ ಭಾಗಗಳಿಗೆ ಹಾಕುವ 1.9, 1.10 ಅನ್ನುವ ನಂಬರೂ ಅಷ್ಟೇ. ಮಕ್ಕಳು ಇವನ್ನು ದಿನಾ ನೋಡುತ್ತಾರೆ. ಹಾಗಾಗಿ ಚುಕ್ಕಿ ಇದ್ದರೂ ಇವು ದಶಮಾಂಶ ಅಲ್ಲ ಅಂತ ಬಾಯಿಬಿಟ್ಟು ಹೇಳಲೇಬೇಕು.

ಪೈಪ್ ಸೆಟ್ ಮಾಡುವವರಿಗೆ ಒಂದೆರಡು ವಿಷಯ. ಮೊದಲ ಸಲ ನಾನು ಗರಗಸದ ಬ್ಲೇಡಿನಲ್ಲಿ ಕೊಯ್ದೆ. ಒಂದೊಂದು ಕೊಯ್ತಕ್ಕೂ ಸ್ವಲ್ಪ ಪುಡಿಯಾಗಿ ಹೋಗಿ, ಹತ್ತು ಚೂರು ಸೇರಿದರೂ ಒಂದು ತುಂಡಿಗೆ ಸಾಲದೆ ಬಂತು. ಮಕ್ಕಳು ಕೂಡಲೇ ಹಿಡಿದರು. ಅಷ್ಟನ್ನೂ ಎಸೆದು, ಗಿಡದ ಕೊಂಬೆ ಕತ್ತರಿಸುವ ಕತ್ತರಿಯಲ್ಲಿ ಹೊಸದಾಗಿ ಕತ್ತರಿಸಿದೆ. ಸುರುಳಿ ಬಿಚ್ಚಿದ ಪೈಪ್ ಡೊಂಕಾಗಿರುತ್ತದೆ. ನೇರ ಕೋಲಿಗೆ ಕಟ್ಟಿ ಎರಡು ಮಧ್ಯಾಹ್ನ ಬಿಸಿಲಿಗೆ ಇಟ್ಟು, ಕಟ್ಟು ಬಿಚ್ಚದೆ ಆರಲು ಬಿಟ್ಟು, ಆಮೇಲೆ ಅಳತೆ ಹಾಕಿ. ಐದು ಮಕ್ಕಳ ಗುಂಪಿಗೆ ಎರಡು ಉದ್ದ, ಇಪ್ಪತ್ತು ತುಂಡು, ನಲವತ್ತು ಚೂರು ಬೇಕು. ಚೂರು ಇನ್ನೂ ಹತ್ತು ಜಾಸ್ತಿ ಇರಲಿ. ಜೇಬಿನಲ್ಲಿ ಮನೆಗೆ ಹೋಗುತ್ತವೆ.