ಸ್ಪಾರ್ಕ್ಸ್: ಮಗ ಆಡಿದ, ನಾನು ಪಕ್ಕದಲ್ಲಿ ಕೂತೆ

ಆಕ್ಲೆಂಡಿಗೆ ಬಂದ ಮೊದಲ ಚಳಿಗಾಲದಲ್ಲಿ ಮಗ ಪೂರ್ತಿ ಮಂಕಾಗಿಬಿಟ್ಟಿದ್ದ. ಶಾಲೆಯಿಂದ ಬಂದವನೇ ರೂಮಿನ ಬಾಗಿಲು ಹಾಕಿಕೊಳ್ಳುತ್ತಿದ್ದ. ಆಗ ಪರಿಚಯದವರೊಬ್ಬರು ಹೇಳಿದ್ದು, ಖಿನ್ನತೆಯಲ್ಲಿರುವ ಹದಿಹರೆಯದವರಿಗೆಂದೇ ಮಾಡಿದ ಸ್ಪಾರ್ಕ್ಸ್ ಅನ್ನೋ ಈ ಕಂಪ್ಯೂಟರ್ ಆಟದ ಬಗ್ಗೆ. ಇಲ್ಲಿನ ಆಕ್ಲೆಂಡ್ ವಿಶ್ವವಿದ್ಯಾಲಯದವರೇ ಮಾಡಿದ್ದು. ನಾವು ಕಾಸು ಕೊಡಬೇಕಾಗಲಿಲ್ಲ.

ಒಟ್ಟು 7 ಹಂತ. ಗುಹೆ, ಹಿಮ, ಜ್ವಾಲಾಮುಖಿ, ಹೀಗೆ ಒಂದೊಂದು ಸೀಮೆ. ಶತ್ರುಗಳ ಹೆಸರು ‘ನ್ಯಾಟ್’, ಅಂದರೆ ನುಸಿ. ಹಾರಿ ಬಂದು ಮನಸ್ಸು ಕುಗ್ಗಿಸುವ ಮಾತಾಡುತ್ತವೆ. ಹೊಡೆದು ಬೀಳಿಸಬೇಕು. ತಲೆಯೊಳಗಿನ ಕೆಟ್ಟ ಯೋಚನೆಗೇ ರೆಕ್ಕೆ ಕಟ್ಟಿದ್ದಾರೆ, ಒಳ್ಳೇ ಉಪಾಯ ಅಲ್ವಾ?

ಗ್ರಾಫಿಕ್ಸ್ ಮಾತ್ರ ಹಳೇದು. “ಅಮ್ಮಾ, ಇದು ನಿನ್ನ ಕಾಲದ್ದು” ಅಂತ ಕಿಚಾಯಿಸಿದ. ಹಂತದ ಕೊನೆಗೆ ‘ಗೈಡ್’ ಬಂದು ಮಾತಾಡುವಾಗ ಸುಮ್ನೆ ಆಕಳಿಸುತ್ತಿದ್ದ. ನನಗೂ ಅದು ಸ್ವಲ್ಪ ಪಾಠದ ಥರವೇ ಅನಿಸಿತು.

ಆದರೆ ಗಣಿತ ಪರೀಕ್ಷೆಯ ಹಿಂದಿನ ರಾತ್ರಿ, ತಟ್ಟೆಯಲ್ಲಿ ಮೊಸರನ್ನ ಕಲಸುತ್ತಾ, “ಇವತ್ತು ನ್ಯಾಟ್ ಜಾಸ್ತಿ ಇವೆ ಅಮ್ಮಾ” ಅಂದ. ಅಷ್ಟು ದಿನ ಕೇಳಿದ್ದಕ್ಕೆಲ್ಲಾ “ಏನಿಲ್ಲ” ಅನ್ನುತ್ತಿದ್ದ ಹುಡುಗ.

2012ರಲ್ಲಿ 187 ಹದಿಹರೆಯದವರ ಮೇಲೆ ನಡೆದ ಅಧ್ಯಯನದಲ್ಲಿ, ಮಾಮೂಲಿ ಆಪ್ತಸಲಹೆಗೆ ಇದು ಕಡಿಮೆಯಿಲ್ಲ ಅಂತ ಕಂಡುಬಂದಿತ್ತು. ಆದರೆ ಅವರು ಸೌಮ್ಯದಿಂದ ಮಧ್ಯಮ ಮಟ್ಟದ ಖಿನ್ನತೆ ಇದ್ದವರು; ಎಲ್ಲರಿಗೂ ಆಟವೊಂದೇ ಸಾಕು ಅನ್ನೋಕಾಗಲ್ಲ. ಅದಕ್ಕೇ ನಾವು ಕೌನ್ಸೆಲರ್ ಹತ್ತಿರ ಹೋಗುವುದನ್ನು ಬಿಟ್ಟಿಲ್ಲ. ಆಟ ಈಗ 5ನೇ ಹಂತದಲ್ಲಿದೆ.