ಮೀಡಿಯೇಷನ್‌ನಲ್ಲಿ ಡೈವೋರ್ಸ್ ಒಪ್ಪಂದಕ್ಕೆ ಸಹಿ ಹಾಕುವ ಮುಂಚೆ ಇದನ್ನು ಓದಿ
ಮೀಡಿಯೇಷನ್ (ಮಧ್ಯಸ್ಥರೊಬ್ಬರ ಮುಂದೆ ನಡೆಯುವ ರಾಜಿ ಮಾತುಕತೆ) ಮೂಲಕ ಡೈವೋರ್ಸ್ ಮುಗಿಸಿಕೊಳ್ಳಲು ಹೊರಟಿರುವ ಹೆಣ್ಣುಮಕ್ಕಳು, ಅವರ ಜೊತೆ ಕೋರ್ಟಿಗೆ ಓಡಾಡುವ ಅಪ್ಪ, ಅಮ್ಮ, ಅಣ್ಣತಮ್ಮಂದಿರು ದಯವಿಟ್ಟು ಪೂರ್ತಿ ಓದಿ. ಒಪ್ಪಂದದಲ್ಲಿ ಎಷ್ಟು ದುಡ್ಡು ಬರೆದಿದ್ದಾರೆ ಅನ್ನುವುದನ್ನು ಎಲ್ಲರೂ ನೋಡುತ್ತಾರೆ. ಯಾವುದು ಮೊದಲು ಆಗಬೇಕು, ಯಾವುದು ಆಮೇಲೆ ಅಂತ ಬರೆದಿದ್ದಾರೆ ಅನ್ನುವುದನ್ನು ಅದಕ್ಕಿಂತ ಹೆಚ್ಚು ನೋಡಿ. ನನ್ನನ್ನು ಬೀದಿಗೆ ತಂದದ್ದು ಆ ಕ್ರಮ.

ಫ್ಯಾಮಿಲಿ ಕೋರ್ಟಿನಲ್ಲಿ ನನ್ನ ಜೀವನಾಂಶದ ಅರ್ಜಿ ಇತ್ತು, ಇನ್ನೊಂದು ಕೋರ್ಟಿನಲ್ಲಿ ಡಿವಿ ಕೇಸ್ (ಕೌಟುಂಬಿಕ ದೌರ್ಜನ್ಯದ ಕೇಸ್). ಮಧ್ಯಂತರ ಜೀವನಾಂಶದ ಆದೇಶವೂ ಆಗಿತ್ತು, ನನ್ನ ಗಂಡ ಕಟ್ಟದೆ ಬಾಕಿ ಬೆಳೆಯುತ್ತಿತ್ತು. ಆಗ ಜಡ್ಜ್ ಮೀಡಿಯೇಷನ್‌ಗೆ ಕಳಿಸಿದರು. ಅದು ಸರಿಯೇ. ಸಾಧ್ಯವಿದ್ದರೆ ಮೊದಲು ರಾಜಿಗೆ ಪ್ರಯತ್ನಿಸಬೇಕು ಅಂತ 1984ರ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯೇ ಹೇಳುತ್ತದೆ.

ಕೊನೆಯ ದಿನ ಅವರ ಕಡೆಯವರು ಕರಡನ್ನು ಟೈಪ್ ಮಾಡಿಸಿಕೊಂಡೇ ಬಂದಿದ್ದರು. ನಮ್ಮ ವಕೀಲರು ಬೇರೆ ಹಾಲ್‌ನಲ್ಲಿ ವಾದಕ್ಕೆ ನಿಂತಿದ್ದರು. ಅವರು ಬಂದು ಒಂದು ಸಲ ಓದಲಿ ಸರ್ ಅಂದೆ. ಮೀಡಿಯೇಟರ್ ನನ್ನನ್ನು ಒಬ್ಬಳನ್ನೇ ಒಳಗೆ ಕೂರಿಸಿಕೊಂಡು, "ನೋಡಮ್ಮಾ, ಇವತ್ತು ಒಪ್ಪಿದ್ದಾರೆ. ನಾಳೆ ಒಪ್ಪುತ್ತಾರೋ ಇಲ್ಲವೋ. ವಕೀಲರು ಬಂದರೆ ಮತ್ತೆ ಎಳೀತಾರೆ, ಮಗು ಮುಖ ನೋಡಿ ಮುಗಿಸಿಬಿಡಿ" ಅಂದರು. ಕೇಸ್ ವಾಪಸ್ ತೆಗೆದುಕೊಳ್ಳುವುದು ಮೊದಲೇ ಯಾಕೆ ಅಂತಲೂ ಕೇಳಿದೆ. "ಅದೆಲ್ಲ ಫಾರ್ಮಾಲಿಟಿ, ದುಡ್ಡು ಬರುತ್ತೆ, ನಾನು ಅವರ ಹತ್ತಿರ ಮಾತಾಡಿದ್ದೀನಿ" ಅಂದರು.

ಒಂದನೇ ಕಲಮು, ನಾನು ಎಲ್ಲ ಕೇಸುಗಳನ್ನೂ ಹಿಂದಕ್ಕೆ ಪಡೆಯಬೇಕು. ಎರಡನೆಯದು, ಇಬ್ಬರೂ ಸೇರಿ ಹಿಂದೂ ವಿವಾಹ ಕಾಯ್ದೆಯ 13ಬಿ ಅಡಿ, ಅಂದರೆ ಪರಸ್ಪರ ಒಪ್ಪಿಗೆಯ ಡೈವೋರ್ಸ್‌ಗೆ, ಅರ್ಜಿ ಹಾಕಬೇಕು. ದುಡ್ಡಿನ ಮಾತು ಬರುವುದು ಮೂರನೆಯದರಲ್ಲಿ: ಪೂರ್ತಿ ಮೊತ್ತ ಸೆಕೆಂಡ್ ಮೋಷನ್ ದಿನ, ಅಂದರೆ ಕಾಯುವ ಅವಧಿ ಮುಗಿದ ಮೇಲೆ ಇಬ್ಬರೂ ಕೋರ್ಟಿಗೆ ಬಂದು ಮತ್ತೆ ಒಪ್ಪಿಗೆ ಹೇಳುವ ದಿನ.

ಮೀಡಿಯೇಷನ್‌ನಲ್ಲಿ ಸಹಿ ಬಿದ್ದರೆ ಡೈವೋರ್ಸ್ ಆದ ಹಾಗಲ್ಲ. 13ಬಿ ಅರ್ಜಿ ಹಾಕಿದ ಮೇಲೆ ಆರು ತಿಂಗಳು ಕಾಯಬೇಕು. ತಕ್ಕ ಸಂದರ್ಭದಲ್ಲಿ ಕೋರ್ಟ್ ಆ ಅವಧಿಯನ್ನು ಮನ್ನಾ ಮಾಡಬಹುದು ಅಂತ 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದರೆ ಡಿಕ್ರಿ (ಡೈವೋರ್ಸ್ ಕೊಡುವ ಕೋರ್ಟಿನ ಆದೇಶ) ಆಗುವವರೆಗೂ ಇಬ್ಬರಲ್ಲಿ ಯಾರು ಬೇಕಾದರೂ ಒಪ್ಪಿಗೆ ಹಿಂದಕ್ಕೆ ಪಡೆಯಬಹುದು. ಇದೂ ಸುಪ್ರೀಂ ಕೋರ್ಟಿನದೇ ತೀರ್ಪು, 1991ರದ್ದು. ನನ್ನ ಗಂಡನ ಕಡೆಯವರಿಗೆ ಇದು ಚೆನ್ನಾಗಿ ಗೊತ್ತಿತ್ತು. ನನ್ನ ಎರಡೂ ಕೇಸ್ ಮುಚ್ಚಿದವು, 13ಬಿ ಅರ್ಜಿ ಬಿತ್ತು. ಸೆಕೆಂಡ್ ಮೋಷನ್ ದಿನ ಅವರು ಬರಲಿಲ್ಲ. ಮುಂದಿನ ದಿನಾಂಕಕ್ಕೂ ಇಲ್ಲ. ಆಮೇಲೆ ಸಂಬಂಧಿಕರೊಬ್ಬರ ಕೈಲಿ ಹೇಳಿಕಳಿಸಿದರು, ಅರ್ಧ ದುಡ್ಡಿಗೆ ಒಪ್ಪಿದರೆ ಬಂದು ಸೈನ್ ಹಾಕುತ್ತಾರಂತೆ. ಒಪ್ಪಲಿಲ್ಲ. ತಮಗೆ ಡೈವೋರ್ಸ್ ಬೇಡ ಅಂತ ಕೋರ್ಟಿನಲ್ಲಿ ಮೆಮೊ ಹಾಕಿಸಿದರು.

ಮೀಡಿಯೇಟರ್ ಕೊಟ್ಟ ಮಾತನ್ನು ಜಡ್ಜ್ ಮುಂದೆ ಹೇಳೋಣ ಅಂದರೆ ಅದಕ್ಕೂ ದಾರಿ ಇಲ್ಲ. ಮೀಡಿಯೇಷನ್ ಕೋಣೆಯಲ್ಲಿ ಆಡಿದ ಮಾತು ಗೌಪ್ಯ, ಸಾಕ್ಷ್ಯವಾಗಿ ನಡೆಯುವುದಿಲ್ಲ. ಕಾಗದದಲ್ಲಿ ಇದ್ದದ್ದಷ್ಟೇ ಉಳಿಯುತ್ತದೆ. ಜೀವನಾಂಶಕ್ಕೆ ಹೊಸದಾಗಿ ಅರ್ಜಿ ಹಾಕಬೇಕಾಯಿತು. ಜೀವನಾಂಶ ಅರ್ಜಿ ಹಾಕಿದ ದಿನದಿಂದ ಲೆಕ್ಕ ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ, ಅಂದರೆ ನನಗೆ ಈ ಹೊಸ ಅರ್ಜಿಯ ದಿನದಿಂದ. ನಡುವಿನ ತಿಂಗಳುಗಳಲ್ಲಿ ಮಗಳ ಸ್ಕೂಲ್ ಫೀಸ್ ನಮ್ಮಪ್ಪ ತಮ್ಮ ಪೆನ್ಷನ್‌ನಲ್ಲಿ ಕಟ್ಟಿದರು. ಅದನ್ನು ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ.

ಹಾಗಾಗಿ, ಡಿಕ್ರಿ ಆಗುವ ಮುಂಚೆ ಕೇಸ್ ಮುಚ್ಚಿಸಬೇಡಿ, ದಿನಾಂಕ ಮುಂದಕ್ಕೆ ಹಾಕಿಸಿಕೊಳ್ಳಿ. ಡಿಕ್ರಿವರೆಗೆ ಮಧ್ಯಂತರ ಜೀವನಾಂಶ ನಡೆಯುತ್ತದೆ ಅಂತ ಬರೆಸಿ. ದುಡ್ಡಿನಲ್ಲಿ ಒಂದು ಪಾಲು ಫಸ್ಟ್ ಮೋಷನ್ (13ಬಿ ಅರ್ಜಿ ಹಾಕುವ) ದಿನವೇ ಕೈಗೆ ಬರಲಿ. ಉಳಿದದ್ದಕ್ಕೆ ಸೆಕೆಂಡ್ ಮೋಷನ್‌ಗೆ ಮುಂಚೆಯೇ ಡಿಡಿ ಕೋರ್ಟಿನಲ್ಲಿರಲಿ. ಯಾರಾದರೂ ಹಿಂದೆ ಸರಿದರೆ ಹಳೆಯ ಕೇಸುಗಳು ನಿಂತ ಹಂತದಿಂದಲೇ ಮುಂದುವರಿಯಬೇಕು ಅನ್ನುವ ಸಾಲು ಇರಲೇಬೇಕು. ಜೀವನಾಂಶದ ಕೇಸುಗಳಲ್ಲಿ ಇಬ್ಬರೂ ಆಸ್ತಿ, ಆದಾಯ, ಸಾಲದ ಅಫಿಡವಿಟ್ ಕೊಡಬೇಕು ಅನ್ನುವುದೂ ಆ 2020ರ ತೀರ್ಪಿನಲ್ಲಿದೆ. ಅದು ಕೈಗೆ ಬರುವ ಮುಂಚೆ ಮೊತ್ತದ ಮಾತೇ ಆಡಬೇಡಿ. ಒಡವೆ ವಾಪಸ್ ಅಂತಿದ್ದರೆ ಒಂದೊಂದರ ಹೆಸರು, ತೂಕ ಬರೆಸಿ. "ಒಡವೆಗಳನ್ನು ಹಿಂದಿರುಗಿಸತಕ್ಕದ್ದು" ಅಂತಷ್ಟೇ ಇದ್ದರೆ ಯಾವ ಒಡವೆ ಅಂತ ಕೇಳುತ್ತಾರೆ, ನನ್ನನ್ನು ಕೇಳಿದರು.

ಮೀಡಿಯೇಟರ್ ಜಡ್ಜ್ ಅಲ್ಲ. ಅವರು ತೀರ್ಪು ಕೊಡುವ ಹಾಗಿಲ್ಲ, ಇವತ್ತೇ ಸಹಿ ಹಾಕಿ ಅಂತ ಒತ್ತಾಯ ಮಾಡುವ ಹಾಗೂ ಇಲ್ಲ. ಇನ್ನೊಂದು ದಿನಾಂಕ ಕೊಡಿ ಅಂತ ಕೇಳುವುದು, ಏನೂ ಒಪ್ಪದೆ ಎದ್ದು ಬರುವುದು ನಿಮ್ಮ ಹಕ್ಕು. ಎದ್ದು ಬಂದರೆ ಕೇಸ್ ವಾಪಸ್ ಕೋರ್ಟಿಗೆ ಹೋಗುತ್ತದೆ ಅಷ್ಟೇ, ನಿಮಗೆ ಕೆಟ್ಟ ಹೆಸರೇನೂ ಬರುವುದಿಲ್ಲ.

ನನ್ನ ಹೊಸ ಅರ್ಜಿಗೆ ಆಕ್ಷೇಪಣೆ ಹಾಕಲು ಅವರು ಸಮಯ ಕೇಳುತ್ತಲೇ ಇದ್ದಾರೆ. ಮತ್ತೆ ಮೀಡಿಯೇಷನ್‌ಗೆ ಕಳಿಸಿದರೆ ಹೋಗುತ್ತೇನೆ. ಈ ಸಲ ಕರಡನ್ನು ನಮ್ಮ ವಕೀಲರೇ ಬರೆದಿಟ್ಟಿದ್ದಾರೆ, ಕೇಸ್ ವಾಪಸ್ ಪಡೆಯುವ ಕಲಮು ಅದರಲ್ಲಿ ಕೊನೆಯದು.